ಮಡಿಕೇರಿಯ ಚಳಿಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯಲ್ಲಿ ಅಡುಗೆ, ಕೇಕ್ ಮಾಡುವವರು ಅನುಭವ ಹೇಳಿ

ನಾವು ವಿಜಯಪುರದ ಕಡೆಯವರು. ಯಜಮಾನರಿಗೆ ವರ್ಗವಾಗಿ ಮಡಿಕೇರಿಗೆ ಬಂದಿದ್ದೇವೆ. ನಮ್ಮ ಮನೆಯಲ್ಲಿ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ ಬಿಟ್ಟರೆ ಬೇರೆ ರೂಢಿಯಿಲ್ಲ. ಕೊಬ್ಬರಿ ಎಣ್ಣೆ ತಲೆಗೆ ಮಾತ್ರ. ಪಕ್ಕದ ಮನೆಯ ಅಕ್ಕ ಸಂಪಾಜೆಯ ತಮ್ಮ ತವರಿನಿಂದ ಎರಡು ಲೀಟರ್ ಗಾಣದ ಎಣ್ಣೆ ತಂದುಕೊಟ್ಟಿದ್ದಾರೆ. ತಂದಾಗ ನೀರಿನಂತಿದ್ದದ್ದು ಮರುದಿನ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಇದು ಸಹಜವೇ, ಕಲಬೆರಕೆಯೇ? ಇನ್ನೊಂದು ವಿಷಯ: ಮಗನಿಗೆ ಹಾಲಿನ ಅಲರ್ಜಿ ಇರುವುದರಿಂದ ಬೆಣ್ಣೆ ಹಾಕುವಂತಿಲ್ಲ. ಡಿಸೆಂಬರಿನಲ್ಲಿ ಅವನ ಹುಟ್ಟುಹಬ್ಬ. ಈ ಎಣ್ಣೆಯಲ್ಲಿ ಕೇಕ್ ಆಗುತ್ತದೆಯೇ? ದಿನದ ಅಡುಗೆಗೆ ಹಾಕಿದರೆ ಯಜಮಾನರು ವಾಸನೆಗೆ ಮೂಗು ಮುರಿಯುತ್ತಾರೆ, ಅದಕ್ಕೂ ದಾರಿ ಹೇಳಿ.

ಸಂಪಾಜೆಯ ತೋಟದ ಮನೆಯಿಂದ:

ಹೆದರಬೇಡಿ, ಎಣ್ಣೆ ಚೆನ್ನಾಗಿಯೇ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮದು ಘಟ್ಟದ ಬುಡ, ಇಲ್ಲಿ ವರ್ಷದ ಬಹುಪಾಲು ಅದು ನೀರಾಗಿಯೇ ಇರುತ್ತದೆ. ಅದೇ ಬಾಟಲಿ ಜೋಡುಪಾಲ ದಾಟಿ ಮಡಿಕೇರಿ ಹತ್ತಿತೆಂದರೆ ರಾತ್ರಿ ಕಳೆಯುವುದರೊಳಗೆ ಗಟ್ಟಿ. ಮತ್ತೆ ಕರಗಿಸಿ, ಮತ್ತೆ ಗಟ್ಟಿಯಾಗಲಿ, ಗುಣವೇನೂ ಕೆಡುವುದಿಲ್ಲ. ಕಲಬೆರಕೆಯ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆಯನ್ನು ಫ್ರಿಜ್ಜಿನೊಳಗೆ ಒಂದರಿಂದ ಒಂದೂವರೆ ಗಂಟೆ ಇಡಿ. ಮೇಲಿನ ಐಸ್ ಪೆಟ್ಟಿಗೆಯಲ್ಲಲ್ಲ, ಕೆಳಗೆ. ಪೂರ್ತಿ ಗಟ್ಟಿಯಾದರೆ ಸರಿ. ಬೇರೆ ಎಣ್ಣೆ ಬೆರೆಸಿದ್ದರೆ ಅದು ಗಟ್ಟಿಯಾಗದೆ ಪದರವಾಗಿ ಬೇರೆ ನಿಲ್ಲುತ್ತದೆ. ತಾಳೆ ಬೀಜದ ಎಣ್ಣೆ ಮಾತ್ರ ಕೊಬ್ಬರಿ ಎಣ್ಣೆಯ ಹಾಗೆಯೇ ಹೆಪ್ಪುಗಟ್ಟುವುದರಿಂದ ಅದು ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ತವರಿನಿಂದ ಬಂದ ಎಣ್ಣೆಗೆ ಇದೆಲ್ಲ ಬೇಕಾಗಿಲ್ಲ ಬಿಡಿ.

ನೀವು ನೋಡಬೇಕಾದದ್ದು ಬಾಟಲಿಯ ತಳವನ್ನು. ಗಾಣದಿಂದ ತಂದ ಹೊಸ ಎಣ್ಣೆಯಲ್ಲಿ ಸಣ್ಣ ಗಸಿ ಇರುತ್ತದೆ, ಆ ಗಸಿಯಲ್ಲಿ ತೇವ ಇರುತ್ತದೆ. ಎಣ್ಣೆ ಹಾಳಾಗುವುದು ಅಲ್ಲಿಂದಲೇ. ಕರಗಿಸಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಒಣಗಿದ ಪಾತ್ರೆಗೆ ಬಸಿದುಕೊಳ್ಳಿ. ಕೆಟ್ಟ ಕೊಬ್ಬರಿ ಎಣ್ಣೆಯ ಗುರುತು ನಾಲಿಗೆಗೆ ತಕ್ಷಣ ಸಿಗುತ್ತದೆ, ಸೋಪು ನೆಕ್ಕಿದ ಹಾಗಿರುತ್ತದೆ. ಅದನ್ನು ಒಗ್ಗರಣೆಯ ಹಿಂದೆ ಅಡಗಿಸಲು ಯಾರಿಂದಲೂ ಆಗದು, ದೀಪಕ್ಕೆ ಹಾಕಿ.

ನಾವು ಕೊಬ್ಬರಿ ಒಣಗಿಸುವುದೇನಿದ್ದರೂ ಫೆಬ್ರವರಿ, ಮಾರ್ಚ್ ಬಿಸಿಲಿಗೆ. ಚಿಪ್ಪಿನಿಂದ ತಾನೇ ಬಿಟ್ಟುಕೊಂಡು, ಮುರಿದರೆ ಟಕ್ಕೆನ್ನಬೇಕು. ಬಾಗಿದರೆ ಇನ್ನೂ ಹಸಿ ಎಂದರ್ಥ. ಹತ್ತು ಕಿಲೋ ಒಣಕೊಬ್ಬರಿ ಕೊಟ್ಟರೆ ಆರು ಕಿಲೋ ಆಸುಪಾಸು ಎಣ್ಣೆ ಸಿಗುತ್ತದೆ, ಹಿಂಡಿ ದನಗಳಿಗೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಕೊಬ್ಬರಿಯನ್ನು ಒರೆಸಿ ಗಾಣಕ್ಕೆ ಕೊಡುವವರೂ ಇದ್ದಾರೆ. ಬೂಷ್ಟಿನ ವಿಷ ಒರೆಸಿದರೆ ಹೋಗುವುದಲ್ಲ. ಆದ್ದರಿಂದ ಆಗಸ್ಟಿನಲ್ಲಿ ‘ಹೊಸ ಎಣ್ಣೆ’ ಎಂದು ಯಾರಾದರೂ ಮಾರಲು ಬಂದರೆ ಕೊಬ್ಬರಿ ಎಲ್ಲಿ, ಹೇಗೆ ಒಣಗಿಸಿದ್ದೆಂದು ಕೇಳಿಯೇ ಕೊಳ್ಳಿ.

ಮಡಿಕೇರಿಯಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವವರು:

ಕೇಕ್ ಖಂಡಿತ ಆಗುತ್ತದೆ. ಹಾಲು ಆಗದ ಮಕ್ಕಳ ತಾಯಂದಿರು ನನ್ನ ಬಳಿ ಹೇಳಿ ಮಾಡಿಸುವುದು ಕೊಬ್ಬರಿ ಎಣ್ಣೆಯ ಕೇಕನ್ನೇ. ಆದರೆ ಬೆಂಗಳೂರಿನವರು, ಮಂಗಳೂರಿನವರು ಬರೆದ ಅಳತೆಯನ್ನು ಹಾಗೆಯೇ ಇಲ್ಲಿ ಮಾಡಿದರೆ ಕೈಕೊಡುತ್ತದೆ.

ಮೊದಲು ತೂಕ. ಬೆಣ್ಣೆಯಲ್ಲಿ ಕೊಬ್ಬು ಇರುವುದು ಶೇಕಡಾ 80ರಷ್ಟು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಎಣ್ಣೆ ಪೂರ್ತಿ ಕೊಬ್ಬು. ಹಾಗಾಗಿ 100 ಗ್ರಾಂ ಬೆಣ್ಣೆ ಎಂದಿರುವಲ್ಲಿ 80 ಗ್ರಾಂ ಎಣ್ಣೆ, ಜೊತೆಗೆ ಒಂದು ದೊಡ್ಡ ಚಮಚ ನೀರೋ ತೆಂಗಿನ ಹಾಲೋ. ಕರಗಿದ ಎಣ್ಣೆಯಾದರೆ ಆರು ದೊಡ್ಡ ಚಮಚಕ್ಕೆ 80 ಗ್ರಾಂ ಲೆಕ್ಕ. ತುಪ್ಪ ಎಂದಿರುವಲ್ಲಿ ಕಡಿಮೆ ಮಾಡಬೇಕಿಲ್ಲ, ಅಷ್ಟೇ ತೂಕದ ಎಣ್ಣೆ ಹಾಕಿ.

ಎರಡನೆಯದು ಚಳಿ. ಪುಸ್ತಕಗಳಲ್ಲಿ ಮೊಟ್ಟೆಯನ್ನು ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟರೆ ಸಾಕು ಎಂದಿರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಅಡುಗೆ ಕಟ್ಟೆಯೇ ಫ್ರಿಜ್ಜು. ಹಾಗೆ ಹೊರಗಿಟ್ಟ ಮೊಟ್ಟೆಗೆ ಕರಗಿಸಿದ ಎಣ್ಣೆ ಸುರಿದೊಡನೆ ಅದು ಸಣ್ಣ ಸಣ್ಣ ಬಿಳಿ ಕಾಳುಗಳಾಗಿ ಹೆಪ್ಪುಗಟ್ಟಿ ಬೀಟರಿನ ಕಡ್ಡಿಗೆ ಅಂಟಿಕೊಳ್ಳುತ್ತದೆ. ಆ ಹಿಟ್ಟನ್ನು ಹಾಗೆಯೇ ಬೇಯಿಸಿದರೆ ಕೇಕಿನೊಳಗೆ ಅಲ್ಲಲ್ಲಿ ಎಣ್ಣೆ ಜಿನುಗುವ ತೂತುಗಳಾಗುತ್ತವೆ. ಮೊಟ್ಟೆಗಳನ್ನು ಒಡೆಯದೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ. ಕಲಸುವ ಪಾತ್ರೆಯನ್ನೂ ಬಿಸಿನೀರಿನಲ್ಲಿ ತೊಳೆದು ಒರೆಸಿ. ತೆಂಗಿನ ಹಾಲು, ಬಾಳೆಹಣ್ಣು ಯಾವುದೂ ತಣ್ಣಗಿರಬಾರದು. ಹೀಗೆ ಮಾಡಿದರೂ ಕಾಳು ಕಟ್ಟಿದರೆ ಪಾತ್ರೆಯನ್ನು ಬಿಸಿನೀರಿನ ಮೇಲೆ ಹಿಡಿದು ಕಲಕಿ, ಕರಗಿ ಸರಿಹೋಗುತ್ತದೆ.

ಮೂರನೆಯದು ಎತ್ತರ. ನಾವಿರುವುದು ಸುಮಾರು 1,150 ಮೀಟರ್ ಮೇಲೆ. ಇಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ, ಗಾಳಿಯ ಒತ್ತಡವೂ ಕಡಿಮೆ. ಕೇಕ್ ಬೇಗ ಉಬ್ಬಿ, ಒಳಗೆ ಬೇಯುವ ಮೊದಲೇ ನಡುವೆ ಕುಸಿಯುತ್ತದೆ. ಒಂದು ಟೀ ಚಮಚ ಬೇಕಿಂಗ್ ಪೌಡರ್ ಎಂದಿದ್ದರೆ ತಲೆತಟ್ಟಿ ಸಮ ಮಾಡಿ, ಅದರಿಂದ ಮತ್ತೂ ಒಂದು ಚಿಟಿಕೆ ಕಡಿಮೆ ಮಾಡಿ ಹಾಕಿ. ಒವನ್ನಿನ ಶಾಖ ಹತ್ತು ಡಿಗ್ರಿ ಹೆಚ್ಚು ಇಡಿ.

ನಿಮ್ಮ ಮಗನಿಗೆ ಬಾಳೆಹಣ್ಣಿನ ಕೇಕ್ ಮಾಡಿ. ಕೊಬ್ಬರಿ ಎಣ್ಣೆಯ ವಾಸನೆ ಬಾಳೆಹಣ್ಣಿನ ಜೊತೆ ಜಗಳವಾಡುವುದಿಲ್ಲ. 150 ಗ್ರಾಂ ಮೈದಾ, ಸಿಪ್ಪೆ ಕಪ್ಪಾದ ಮೂರು ಬಾಳೆಹಣ್ಣು, 100 ಗ್ರಾಂ ಪುಡಿ ಬೆಲ್ಲ, ಎರಡು ಮೊಟ್ಟೆ, 80 ಗ್ರಾಂ ಎಣ್ಣೆ, ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಬೇಕಿಂಗ್ ಪೌಡರ್, ಚಿಟಿಕೆ ಸೋಡಾ, ಚಿಟಿಕೆ ಉಪ್ಪು, ನಾಲ್ಕೈದು ಏಲಕ್ಕಿ. ಆ ಹೊತ್ತಿಗೆ ಕೊಡಗಿನ ಕಿತ್ತಳೆ ಸಿಕ್ಕಿದರೆ ಮೇಲಿನ ಹಳದಿ ಸಿಪ್ಪೆಯನ್ನು ತುರಿದು ಹಾಕಿ. ಒಳಗಿನ ಬಿಳಿ ಭಾಗ ಬೇಡ, ಕಹಿ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ.

ಮುಖ್ಯವಾದ ಒಂದು ಮಾತು. ರಾತ್ರಿ ಮಾಡಿಟ್ಟ ಈ ಕೇಕ್ ಬೆಳಿಗ್ಗೆ ಗಟ್ಟಿಯಾಗಿರುತ್ತದೆ, ಹೆಚ್ಚು ಬೆಂದಿತೇನೋ ಎಂದು ಅನಿಸುತ್ತದೆ. ಒಳಗಿನ ಎಣ್ಣೆ ಹೆಪ್ಪುಗಟ್ಟಿರುತ್ತದೆ ಅಷ್ಟೇ. ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಸಂಜೆಯ ಪಾರ್ಟಿಗೆ ತಣ್ಣಗೇ ಬಡಿಸುವುದಾದರೆ ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಸೂರ್ಯಕಾಂತಿ ಎಣ್ಣೆ ಹಾಕಿ.

ಬಿಸ್ಕತ್ತಿನಲ್ಲಿ ಮಾತ್ರ ನಮ್ಮ ಊರಿನ ಚಳಿ ವರವೇ. ಬಯಲುಸೀಮೆಯವರು ಕೊಬ್ಬರಿ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು, ಕಲ್ಲಾದದ್ದನ್ನು ಮತ್ತೆ ಬಿಸಿ ಮಾಡಿ ಒದ್ದಾಡುತ್ತಾರೆ. ನಮ್ಮಲ್ಲಿ ಕಟ್ಟೆಯ ಮೇಲೆ ಇಟ್ಟ ಎಣ್ಣೆ ತಾನಾಗಿಯೇ, ಬೆರಳು ಒತ್ತಿದರೆ ಗುಳಿ ಬೀಳುವ ಹದದಲ್ಲಿ ಇರುತ್ತದೆ. ಸಕ್ಕರೆ ಪುಡಿಯ ಜೊತೆ ನೊರೆಯಾಗಿ ತಿಕ್ಕಲು ಅದೇ ಬೇಕಾದದ್ದು. 100 ಗ್ರಾಂ ಎಣ್ಣೆ, 100 ಗ್ರಾಂ ಸಕ್ಕರೆ ಪುಡಿ, 150 ಗ್ರಾಂ ಮೈದಾ, 50 ಗ್ರಾಂ ಕಡಲೆಹಿಟ್ಟು, ಏಲಕ್ಕಿ. ಉಂಡೆ ಕಟ್ಟಿ ತುಸು ಒತ್ತಿ 160 ಡಿಗ್ರಿಯಲ್ಲಿ ಹದಿನೈದು ಹದಿನೆಂಟು ನಿಮಿಷ ಇಟ್ಟರೆ ನಾನ್‌ಖಟಾಯ್ ತಯಾರು. ಬಿಸಿಯಿದ್ದಾಗ ಮುಟ್ಟಬೇಡಿ, ಪುಡಿಯಾಗುತ್ತದೆ. ಆರಲಿ.

ಪೊನ್ನಂಪೇಟೆಯಿಂದ:

ಕೇಕಿಗೆ, ಬಿಸ್ಕತ್ತಿಗೆ ಏನಾದರೂ ಹಾಕಿಕೊಳ್ಳಿ. ಯಾರೋ ಹೇಳಿದರೆಂದು ಪಂದಿ ಕರಿಗೆ ಮಾತ್ರ ಕೊಬ್ಬರಿ ಎಣ್ಣೆ ಹಾಕಬೇಡಿ. ಹಂದಿ ಮಾಂಸ ತನ್ನ ಕೊಬ್ಬನ್ನು ತಾನೇ ಬಿಟ್ಟುಕೊಳ್ಳುತ್ತದೆ, ಹುರಿದ ಮಸಾಲೆಯ ಘಮಕ್ಕೂ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿಗೂ ನಡುವೆ ಇನ್ನೊಂದು ವಾಸನೆ ತೂರುವುದು ಯಾಕೆ? ಕೋಳಿಗೆ ತೆಂಗಿನಕಾಯಿ ಅರೆದು ಹಾಕುವ ಸಾರಾದರೆ ನಡೆಯುತ್ತದೆ. ಬಿದಿರಿನ ಕಣಿಲೆಗೂ ಒಪ್ಪುತ್ತದೆ. ಇಷ್ಟೇ ನನ್ನ ಅಭಿಪ್ರಾಯ.

ಸಿದ್ದಾಪುರದಿಂದ:

ಪೊನ್ನಂಪೇಟೆಯ ಅಕ್ಕನ ಮಾತಿಗೆ ಎದುರಾಡುವಷ್ಟು ದೊಡ್ಡವಳು ನಾನಲ್ಲ. ಆದರೆ ನಮ್ಮ ಮನೆಯ ಹಿರಿಯರು ಕಣ್ಣೂರಿನಿಂದ ಬಂದವರು, ನಮ್ಮಲ್ಲಿ ಮೀನಿಗೂ ಪಲ್ಯಕ್ಕೂ ಇದೇ ಎಣ್ಣೆ. ಯಜಮಾನರ ಮೂಗಿನ ಬಗ್ಗೆ ಕೇಳಿದ್ದೀರಲ್ಲ, ನನ್ನ ಸಲಹೆ ಇದು: ಎಣ್ಣೆಗಾಯಿ, ಝುಣಕ ಇವುಗಳಿಂದ ಆರಂಭಿಸಬೇಡಿ. ಅವಕ್ಕೆ ನಿಮ್ಮ ಶೇಂಗಾ ಎಣ್ಣೆಯೇ ಸರಿ. ಮೊದಲೇ ತೆಂಗಿನಕಾಯಿ ಇರುವ ಅಡುಗೆಗೆ ಹಾಕಿ. ಚಟ್ನಿಯ ಒಗ್ಗರಣೆ, ಹುರುಳಿಕಾಯಿ ಪಲ್ಯ, ಕಾಯಿ ಅರೆದ ಸಾರು. ಅಲ್ಲಿ ಎಣ್ಣೆಯ ವಾಸನೆ ಬೇರೆಯಾಗಿ ತಿಳಿಯುವುದೇ ಇಲ್ಲ. ಅದು ರೂಢಿಯಾದ ಮೇಲೆ, ಒಲೆ ಆರಿಸಿ, ಪಲ್ಯದ ಮೇಲೆ ಒಂದು ಚಮಚ ಹಸಿ ಎಣ್ಣೆ ಮತ್ತು ಕಿವುಚಿದ ಕರಿಬೇವು ಹಾಕಿ ಎರಡು ನಿಮಿಷ ಮುಚ್ಚಿಡಿ. ಆಗ ಅವರೇ ಅಡುಗೆಮನೆಗೆ ಬರುತ್ತಾರೆ.

ಕರಿಯುವುದಾದರೆ ನೇಂದ್ರ ಬಾಳೆಕಾಯಿಯ ಚಿಪ್ಸ್‌ಗೆ ಇದನ್ನು ಮೀರಿಸುವ ಎಣ್ಣೆ ಇಲ್ಲ. ಅರಿಸಿನ ಬೆರೆಸಿದ ಉಪ್ಪುನೀರನ್ನು ಬಾಣಲೆಗೇ ಒಂದು ಚಮಚ ಚಿಮುಕಿಸಿ, ಸಿಡಿತ ನಿಂತು ಸದ್ದು ಗಲಗಲ ಎಂದಾಗ ತೆಗೆಯಿರಿ. ಎಣ್ಣೆ ಹೊಗೆಯಾಡಬಾರದು. ಹಸಿ ತೆಂಗಿನಿಂದ ತೆಗೆದ ವರ್ಜಿನ್ ಎಣ್ಣೆ 175 ಡಿಗ್ರಿ ಆಸುಪಾಸಿನಲ್ಲೇ ಹೊಗೆಯಾಡುತ್ತದೆ, ಅದನ್ನು ಕರಿಯಲು ಹಾಕುವುದು ದುಡ್ಡು ದಂಡ. ಶುದ್ಧೀಕರಿಸಿದ ಅಂಗಡಿ ಎಣ್ಣೆ 200 ದಾಟಿದರೂ ತಡೆಯುತ್ತದೆ. ಬಾಣಲೆಯಲ್ಲಿ ಎಣ್ಣೆ ಕಡಿಮೆಯಾಯಿತೆಂದು ಸೂರ್ಯಕಾಂತಿ ಎಣ್ಣೆ ಬೆರೆಸಬೇಡಿ. ಕೇಕಿಗೆ ಬೆರೆಸಿದರೆ ತೊಂದರೆಯಿಲ್ಲ, ಕರಿಯುವಾಗ ಬೆರೆಸಿದರೆ ನೊರೆ ಉಕ್ಕಿ ಒಲೆಯ ಮೇಲೆ ಬರುತ್ತದೆ.

ಕುಶಾಲನಗರದಿಂದ:

ತವರಿನ ಎಣ್ಣೆ ಮುಗಿದ ಮೇಲೆ ಅಂಗಡಿಗೆ ಹೋದರೆ ಲೇಬಲ್ ಓದಿ. ತಿನ್ನುವ ಎಣ್ಣೆಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಹಸಿರು ಚುಕ್ಕೆ ಇರುತ್ತದೆ. ಚಿಕ್ಕ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂದು ತೆರಿಗೆ ಇಲಾಖೆಗೂ ಕಂಪನಿಗಳಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಾಟಲಿಯ ಗಾತ್ರ ನೋಡಿ ಅದನ್ನು ಕೇಶತೈಲವೆನ್ನಲಾಗದು ಎಂದಿತು. ಆದ್ದರಿಂದ ನಾವೂ ಬಾಟಲಿಯ ಆಕಾರ ನೋಡದೆ ಅಕ್ಷರ ನೋಡುವುದು ಒಳ್ಳೆಯದು. 2025ರಲ್ಲಿ ಬೆಲೆ ಏರಿದ ಮೇಲಂತೂ ಕಲಬೆರಕೆಯ ಭಯ ಹೆಚ್ಚು.

ಕೇಳಿದವರು ಮತ್ತೆ:

ಎಲ್ಲರಿಗೂ ಧನ್ಯವಾದ. ಹುರುಳಿಕಾಯಿ ಪಲ್ಯ ಪಾಸಾಯಿತು. ಯಜಮಾನರು ಏನೂ ಹೇಳಲಿಲ್ಲ, ಎರಡನೆಯ ಸಲ ಬಡಿಸಿಕೊಂಡರು. ಇನ್ನು ನಮ್ಮಲ್ಲಿ ಒವನ್ ಇದ್ದರೂ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ಕುಕ್ಕರಿನಲ್ಲಿ ಮಾಡಬಹುದೇ? ಈ ಎಣ್ಣೆ ಆರೋಗ್ಯಕ್ಕೆ ಅಮೃತ ಎಂದು ಕೆಲವರು, ವಿಷ ಎಂದು ಕೆಲವರು ಹೇಳುತ್ತಾರೆ, ಅದೂ ತಿಳಿಸಿ.

ಸೋಮವಾರಪೇಟೆಯಿಂದ, ನಿವೃತ್ತ ನರ್ಸ್:

ಎರಡೂ ಅಲ್ಲಮ್ಮ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಶೇಕಡಾ 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು. ಅದು ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ದಿನದ ಕ್ಯಾಲೊರಿಯಲ್ಲಿ ಈ ಬಗೆಯ ಕೊಬ್ಬು ಶೇಕಡಾ 10ನ್ನು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲೊರಿ ಉಣ್ಣುವವರಿಗೆ ಅದು 22 ಗ್ರಾಂ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 12 ಗ್ರಾಂ ಇದೆ. ಲೆಕ್ಕ ನೀವೇ ಹಾಕಿ. ನಿಮ್ಮ ಕುಸುಬೆ, ಶೇಂಗಾ ಎಣ್ಣೆಯನ್ನು ದಿನದ ಅಡುಗೆಗೆ ಇಟ್ಟುಕೊಂಡು, ಇದನ್ನು ರುಚಿ ಬೇಕಾದಲ್ಲಿ ಬಳಸಿ. ಬೆಳಿಗ್ಗೆ ಕಾಫಿಗೆ ಎರಡು ಚಮಚ ಕಲಸಿ ಕುಡಿದರೆ ಸಣ್ಣಗಾಗುತ್ತಾರೆ ಎಂಬ ವಿಡಿಯೊಗಳನ್ನು ನೋಡಬೇಡಿ, ಕಾಫಿಯೂ ಹಾಳು. ಮಗನ ವಿಷಯದಲ್ಲಿ ಇನ್ನೊಂದು ಎಚ್ಚರ: ತುಪ್ಪದಲ್ಲೂ ಹಾಲಿನ ಅಂಶ ತುಸು ಉಳಿದಿರುತ್ತದೆ, ಬೇಕರಿ ಬಿಸ್ಕತ್ತು, ಚಾಕೊಲೇಟಿನಲ್ಲಿ ಹಾಲಿನ ಪುಡಿ ಇರುತ್ತದೆ. ಕೇಕಿನ ಮೇಲೆ ಚಾಕೊಲೇಟ್ ಹಚ್ಚುವ ಮೊದಲು ಅದರ ಪೊಟ್ಟಣ ಓದಿ.

ಮಡಿಕೇರಿಯಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವವರು:

ಕುಕ್ಕರಿನಲ್ಲಿ ಧಾರಾಳವಾಗಿ ಆಗುತ್ತದೆ. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದಿರಬೇಕು. ತಳದಲ್ಲಿ ಕಲ್ಲುಪ್ಪು ಹರವಿ, ಅದರ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಆಮೇಲೆ ಕೇಕಿನ ಪಾತ್ರೆ ಇಡಿ. ಸಣ್ಣ ಉರಿಯಲ್ಲಿ 45 ನಿಮಿಷದ ಮೇಲೆ ಕಡ್ಡಿ ಚುಚ್ಚಿ ನೋಡಿ. ನೀರು ಹಾಕಬಾರದು. ಪಾತ್ರೆಗೆ ಸವರಲು ಗಟ್ಟಿ ಎಣ್ಣೆಯನ್ನೇ ಕೈಯಿಂದ ಹಚ್ಚಿ ಮೈದಾ ಉದುರಿಸಿ, ಕರಗಿದ್ದಾದರೆ ಇಳಿದು ತಳದಲ್ಲಿ ನಿಲ್ಲುತ್ತದೆ.

ಪಕ್ಕದ ಮನೆಯವರು:

ಎಣ್ಣೆ ಕೊಟ್ಟವಳು ನಾನೇ. ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ದಿನಾ ಕರಗಿಸುತ್ತಾ ಕೂರುವುದನ್ನು ನೋಡಿದೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಒಣ ಚಮಚದಲ್ಲಿ ಕೆರೆದು ತೆಗೆಯಿರಿ ತಂಗಿ. ಇನ್ನೊಂದು, ಬಾಣಲೆಯನ್ನು ತಣ್ಣೀರಿನಲ್ಲಿ ತೊಳೆದು ಸಿಂಕಿಗೆ ಬಿಡಬೇಡಿ. ಎಣ್ಣೆ ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಕೆಳಗಿನ ಮನೆಯವರಿಗೂ ನಮಗೂ ಒಂದೇ ಪೈಪು. ಮೊದಲು ಹಳೆಯ ಪತ್ರಿಕೆಯಲ್ಲಿ ಒರೆಸಿ, ಆಮೇಲೆ ಬಿಸಿನೀರು.