ಪುಷ್ಯ ನಕ್ಷತ್ರದ ಮಸುಕು ಕಲೆ: ಗೆಲಿಲಿಯೋಗೆ ಕಂಡದ್ದೆಷ್ಟು?

ಪ್ರಶ್ನೆ (ಮಲ್ಪೆಯಿಂದ):
ಮೇಡಂ, ನಮಸ್ಕಾರ. ನಿನ್ನೆ ರಾತ್ರಿ ಬೀಚಿನಲ್ಲಿ ಪುನರ್ವಸು ಮತ್ತು ಮಘಾ ನಡುವೆ ಒಂದು ಮಸುಕು ಕಲೆ ಕಂಡಿತು. 10×50 ಬೈನಾಕ್ಯುಲರ್ ಇಟ್ಟರೆ ನಕ್ಷತ್ರಗಳ ರಾಶಿಯೇ ಇದೆ! ಗೆಲಿಲಿಯೋ ಇದನ್ನು ನೋಡಿದ್ದ ಅಂತಾರೆ, ಅವನಿಗೂ ಹೀಗೇ ಕಂಡಿತ್ತಾ? ಚೆನ್ನಾಗಿ ನೋಡೋಕೆ ದೊಡ್ಡ ಟೆಲಿಸ್ಕೋಪ್ ತಗೊಳ್ಳಬೇಕಾ?

ಉತ್ತರ (ಖಗೋಳ ವಿಜ್ಞಾನ ಉಪನ್ಯಾಸಕಿ):
ನಮಸ್ಕಾರ. ನೀವು ನೋಡಿದ್ದು ಪ್ರೆಸೆಪೆ ಎಂಬ ನಕ್ಷತ್ರಗುಚ್ಛ; ಆಕಾಶದ ಮಸುಕು ಕಲೆಗಳನ್ನು ಪಟ್ಟಿ ಮಾಡಿದ ಮೆಸ್ಸಿಯೆಯ ಪಟ್ಟಿಯಲ್ಲಿ 44ನೆಯದು. ಕರ್ಕಾಟಕದಲ್ಲಿ, ನಮ್ಮ ಪುಷ್ಯ ನಕ್ಷತ್ರದ ಜಾಗದಲ್ಲೇ ಇದೆ. ಟೆಲಿಸ್ಕೋಪ್ ಬರುವವರೆಗೆ ಎಲ್ಲರಿಗೂ ಇದು ಬರೀ ಮಂಜಿನ ಕಲೆ.

ಅದು ನಕ್ಷತ್ರಗಳ ಗುಂಪು ಎಂದು 1610ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಗೆಲಿಲಿಯೋ ತೋರಿಸಿದ. ನಲವತ್ತಕ್ಕೂ ಜಾಸ್ತಿ ಸಣ್ಣ ನಕ್ಷತ್ರಗಳಿವೆ ಎಂದು ಬರೆದ. ಪಕ್ಕದ ಎರಡು ದೊಡ್ಡವನ್ನು ಬಿಟ್ಟು 36 ಗುರುತಿಸಿದ. ಅವನ ಕೊಳವೆ ಸುಮಾರು 20 ಪಟ್ಟು ದೊಡ್ಡದು ಮಾಡಿ ತೋರಿಸುತ್ತಿತ್ತು. ಆದರೆ ಒಮ್ಮೆಗೆ ಕಾಣುತ್ತಿದ್ದದ್ದು ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಆಕಾಶ ಮಾತ್ರ. ಈ ಗುಚ್ಛವೋ, ಮೂರು ಚಂದ್ರರಷ್ಟು ಅಗಲ! ರಥಬೀದಿಯನ್ನು ಕಿಟಕಿ ಸಂದಿಯಿಂದ ನೋಡಿದ ಹಾಗೆ. ಕೊಳವೆಯನ್ನು ಚೂರು ಚೂರೇ ಸರಿಸಿ, ಕಂಡದ್ದನ್ನು ಜೋಡಿಸಿ ನಕ್ಷೆ ಮಾಡಬೇಕಿತ್ತು. ಆ ತಾಳ್ಮೆಗೆ ನನಗೆ ತುಂಬಾ ಗೌರವ.

ನಿಮ್ಮ ಬೈನಾಕ್ಯುಲರ್‌ನಲ್ಲಿ ಸುಮಾರು 6 ಡಿಗ್ರಿ ಆಕಾಶ ಒಟ್ಟಿಗೆ ಸಿಗುತ್ತದೆ. ಹಾಗಾಗಿ ಇಡೀ ಗುಚ್ಛ ಒಂದೇ ನೋಟಕ್ಕೆ ಬರುತ್ತದೆ. ಇದೊಂದಕ್ಕೋಸ್ಕರ ದೊಡ್ಡ ಟೆಲಿಸ್ಕೋಪ್ ಖಂಡಿತ ಬೇಡ. ಪಟ್ಟು ಜಾಸ್ತಿಯಾದಷ್ಟೂ ಗುಂಪು ಚೌಕಟ್ಟಿನಿಂದ ಆಚೆ ಹೋಗುತ್ತದೆ.

ಪ್ರಶ್ನೆ (ಅವರದ್ದೇ):
ಇವು ನಿಜವಾಗಿ ಒಟ್ಟಿಗೆ ಇರುವವಾ, ಅಥವಾ ಹಿಂದೆಮುಂದೆ ಇರುವವು ಒಂದೇ ಸಾಲಿಗೆ ಬಂದು ಹಾಗೆ ಕಾಣೋದಾ?

ಉತ್ತರ:
ಒಳ್ಳೆ ಪ್ರಶ್ನೆ. 1767ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಮಿಚೆಲ್ ಕೃತ್ತಿಕೆಯ ಬಗ್ಗೆ ಇದೇ ಸಂಶಯ ಇಟ್ಟುಕೊಂಡು ಲೆಕ್ಕ ಹಾಕಿದ. ಆ ಗುಂಪು ಸುಮ್ನೆ ಆಕಸ್ಮಿಕ ಆಗಿರುವ ಸಾಧ್ಯತೆ ಸುಮಾರು 5 ಲಕ್ಷದಲ್ಲಿ ಒಂದು ಅಂತ ಬಂತು. ಪ್ರೆಸೆಪೆಯ ನಕ್ಷತ್ರಗಳೂ ಒಂದೇ ದಿಕ್ಕಿಗೆ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಚಲಿಸುತ್ತಿವೆ. ಸುಮಾರು 60 ಕೋಟಿ ವರ್ಷಗಳ ಹಿಂದೆ ಒಂದೇ ಅನಿಲ ಮೋಡದಿಂದ ಹುಟ್ಟಿದವು. ಸಾವಿರದಷ್ಟಿವೆ, ದೂರ ಸುಮಾರು 600 ಜ್ಯೋತಿರ್ವರ್ಷ.

ಮಾರ್ಚ್‌ನಲ್ಲಿ ರಾತ್ರಿ 9.30ರ ಹೊತ್ತಿಗೆ ನಮ್ಮಲ್ಲಿ ಇದು ಹೆಚ್ಚುಕಮ್ಮಿ ನೆತ್ತಿ ಮೇಲೆ ಇರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪುಷ್ಯ ಮಳೆ ಹಿಡಿದಾಗ ಸೂರ್ಯನೇ ಆ ಜಾಗದಲ್ಲಿರುತ್ತಾನೆ, ಆಗ ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅಮಾವಾಸ್ಯೆ ಹತ್ತಿರದ ರಾತ್ರಿ ಬಂದರಿನ ಲೈಟುಗಳಿಂದ ದೂರ ಹೋಗಿ, ಮಲಗಿಕೊಂಡು ನೋಡಿ. ಕೈ ನಡುಗುವುದಿಲ್ಲ, ಕತ್ತೂ ನೋಯುವುದಿಲ್ಲ.