ಉಚಿತವಾಗಿ ಕಲಿಸಿದರೂ ಪಿಟೀಲು ತರಗತಿ ಖಾಲಿ ಆಗುತ್ತಿದೆ, ಶುಲ್ಕ ಇಡಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಏಳೆಂಟು ಜನ ಸೇರಿ ಲಾಭದ ಉದ್ದೇಶವಿಲ್ಲದ ಒಂದು ಪುಟ್ಟ ಕಲಾ ಶಾಲೆ ನಡೆಸುತ್ತಿದ್ದೇವೆ. ಸಂಗೀತ, ನೃತ್ಯ, ನಾಟಕ ಮೂರೂ ಇವೆ. ಶನಿವಾರ, ಭಾನುವಾರ ಮಾತ್ರ ತರಗತಿ. ಶುಲ್ಕ ಇಲ್ಲ.

ಪಿಟೀಲಿಗೆ ಮೊದಲ ದಿನ 31 ಮಕ್ಕಳು ಬಂದಿದ್ದರು. ಆರು ತಿಂಗಳಲ್ಲಿ 12 ಮಂದಿ ಉಳಿದಿದ್ದಾರೆ. ನಾಟಕದವರು ಮಾತ್ರ ಒಬ್ಬರೂ ಬಿಟ್ಟಿಲ್ಲ. ನಮ್ಮ ಸಮಿತಿಯ ಅರ್ಧ ಜನ "ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ, ಶುಲ್ಕ ಇಡಿ" ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬಿಟ್ಟುಹೋದ ಒಬ್ಬ ಹುಡುಗಿ ಮೊನ್ನೆ ದಾರಿಯಲ್ಲಿ ಸಿಕ್ಕಳು. ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಹೋದಳು. ಅವಳಿಗೆ ಬೇಡವಾಗಿತ್ತು ಎಂದು ನನಗೆ ಅನ್ನಿಸಲಿಲ್ಲ. ಏನು ತಪ್ಪು ಮಾಡುತ್ತಿದ್ದೇವೆ?

ಉತ್ತರ 1:
ಶುಲ್ಕ ಇಡಿ, ಆದರೆ ಎಲ್ಲರಿಗೂ ಒಂದೇ ಬೇಡ. ಮನೆಯ ವರಮಾನ ನೋಡಿ ಮೂರು ಹಂತ ಮಾಡಿ, ಕೆಳಗಿನ ಹಂತ ಸೊನ್ನೆ ಇರಲಿ. ಯಾರು ಎಷ್ಟು ಕೊಡುತ್ತಾರೆ ಎಂಬುದು ಪಾಠ ಹೇಳುವವರಿಗೂ ಗೊತ್ತಾಗಬಾರದು. ಬಂದ ಹಣದಲ್ಲಿ ಶಿಕ್ಷಕರಿಗೆ ಏನಾದರೂ ಕೊಡಿ. ಸುಮ್ನೆ ಸೇವೆ ಅಂತ ಎಷ್ಟು ವರ್ಷ ದುಡಿಯುತ್ತಾರೆ?

ಉತ್ತರ 2:
ನಾನು ಇಂಥದ್ದೇ ಒಂದು ಶಾಲೆಯಲ್ಲಿ 14 ವರ್ಷ ಪಿಟೀಲು ಹೇಳಿಕೊಟ್ಟವಳು. ಮೊದಲು ಒಂದು ಪ್ರಶ್ನೆ. ಬಿಟ್ಟುಹೋದ ಆ 19 ಮಕ್ಕಳಲ್ಲಿ ಎಷ್ಟು ಜನರ ಮನೆಯಲ್ಲಿ ಪಿಟೀಲು ಇತ್ತು?

ಶನಿವಾರ ಒಂದು ಗಂಟೆ ಹಿಡಿದು, ಮುಂದಿನ ಶನಿವಾರದವರೆಗೆ ಮುಟ್ಟದೇ ಇದ್ದರೆ ಕೈ ಮರೆತುಬಿಡುತ್ತದೆ. ಮನೆಯಲ್ಲಿ ವಾದ್ಯ ಇರುವ ಮಗು ಮುಂದೆ ಹೋಗುತ್ತದೆ, ಇಲ್ಲದ ಮಗು ಅದೇ ಕಮಾನು ಎಳೆಯುವ ಪಾಠದಲ್ಲೇ ನಿಲ್ಲುತ್ತದೆ. ಮೂರನೇ ತಿಂಗಳಿಗೆ ಆ ವ್ಯತ್ಯಾಸ ಮಕ್ಕಳಿಗೇ ಕಾಣಿಸುತ್ತದೆ. ಅವರು ಬಿಡುವುದು ಸೋಮಾರಿತನದಿಂದ ಅಲ್ಲ, ನಾಚಿಕೆಯಿಂದ. ನಿಮ್ಮ ಹುಡುಗಿ ತಲೆ ತಗ್ಗಿಸಿದ್ದು ಓದಿ ನನಗೆ ಸಂಕಟವಾಯಿತು. ಅಂಥವರನ್ನು ತುಂಬಾ ನೋಡಿದ್ದೇನೆ.

ಇನ್ನೊಂದು ಮಾತು. ನಾಟಕದಲ್ಲಿ ಒಬ್ಬ ಬರದಿದ್ದರೆ ಆ ದೃಶ್ಯವೇ ನಿಲ್ಲುತ್ತದೆ. ತಾನು ಬೇಕು ಎಂದು ಮಗುವಿಗೆ ಗೊತ್ತಿರುತ್ತದೆ. ಪಿಟೀಲಿನವರು ಒಬ್ಬೊಬ್ಬರೇ ಪಾಠ ಒಪ್ಪಿಸಿ ಹೋಗುತ್ತಾರೆ, ಅಲ್ವಾ? ವೆನೆಜುವೆಲಾದಲ್ಲಿ ಹೋಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಶುರು ಮಾಡಿದ ಎಲ್ ಸಿಸ್ಟೆಮಾ ಎಂಬ ಸಂಗೀತ ಕಲಿಕೆಯ ಯೋಜನೆಯಲ್ಲಿ ಮಕ್ಕಳು ಆರಂಭದಿಂದಲೇ ಗುಂಪಿನಲ್ಲಿ ನುಡಿಸುತ್ತಾರೆ. ನಾನೂ ಹಾಗೆ ಮಾಡಿ ನೋಡಿದೆ. ದೊಡ್ಡ ಮಕ್ಕಳು ರಾಗ ನುಡಿಸುವಾಗ, ಹೊಸಬರು ಬೆರಳು ಇಡದೆ ಎರಡು ತಂತಿ ಮಾತ್ರ ತಾಳಕ್ಕೆ ಸರಿಯಾಗಿ ಎಳೆಯುತ್ತಾರೆ. ಎರಡನೇ ವಾರಕ್ಕೇ ಮಗು ಒಂದು ಹಾಡಿನೊಳಗೆ ಇರುತ್ತದೆ.

ಪ್ರಶ್ನೆ ಕೇಳಿದವರು:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 19ರಲ್ಲಿ ಇಬ್ಬರ ಮನೆಯಲ್ಲಿ ಮಾತ್ರ ಇತ್ತು. ದಾನಿಗಳು ಕೊಟ್ಟ ಒಂಬತ್ತು ಪಿಟೀಲು ನಮ್ಮ ಬೀರುವಿನಲ್ಲಿವೆ. ತರಗತಿ ಮುಗಿದ ಮೇಲೆ ಬೀಗ ಹಾಕುತ್ತೇವೆ. ಮನೆಗೆ ಕೊಟ್ಟರೆ ಒಡೆಯುತ್ತಾರೆ ಎಂಬ ಭಯ.

ಉತ್ತರ 2:
ಒಡೆಯುತ್ತವೆ. ತಂತಿ ಹರಿಯುತ್ತದೆ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಂಬ ಮರದ ತುಂಡು ಬೀಳುತ್ತದೆ, ಕಮಾನಿನ ಕೂದಲು ಸವೆಯುತ್ತದೆ. ರಿಪೇರಿಗೆ ಹಣ ಮೊದಲೇ ಎತ್ತಿಡಿ. ಶುಲ್ಕ ತೆಗೆದುಕೊಳ್ಳುವುದಾದರೆ ಅದು ಇದಕ್ಕೇ ಹೋಗಲಿ. ಗ್ರಂಥಾಲಯದ ಪುಸ್ತಕದ ಹಾಗೆ ಸಂಖ್ಯೆ ಹಾಕಿ, ಪಾಲಕರ ಸಹಿ ಪಡೆದು ಕೊಡಿ. ನುಡಿಸಿದ ಮೇಲೆ ಕಮಾನು ಸಡಿಲ ಮಾಡುವುದು, ಬಿಸಿಲಲ್ಲಿ ಇಡದಿರುವುದು, ಇವೆರಡನ್ನು ಮೊದಲ ದಿನವೇ ಹೇಳಿಕೊಡಿ.

ಅಳತೆ ಮರೆಯಬೇಡಿ. ಮಕ್ಕಳಿಗೆ ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳಿವೆ. ಭುಜದ ಮೇಲಿಟ್ಟು ಎಡಗೈ ಪೂರ್ತಿ ಚಾಚಿದಾಗ ಪಿಟೀಲಿನ ತುದಿಯ ಸುರುಳಿ ಅಂಗೈಯಲ್ಲಿ ಕೂರಬೇಕು, ಬೆರಳುಗಳು ಅದನ್ನು ಆರಾಮಾಗಿ ಸುತ್ತಬೇಕು. ಕೈಗೆ ಸಿಗದಿದ್ದರೆ ವಾದ್ಯ ದೊಡ್ಡದಾಯಿತು ಎಂದರ್ಥ. ದೊಡ್ಡದನ್ನು ಹಿಡಿದ ಮಗು ಕೈ ನೋವಿಗೇ ಬಿಟ್ಟುಬಿಡುತ್ತದೆ.

ಉತ್ತರ 3:
ನೃತ್ಯದ ಕಡೆಯಿಂದ ಒಂದೇ ಮಾತು. ನಿಮ್ಮ ಕೋಣೆಯ ನೆಲ ಕಾಂಕ್ರೀಟಿನ ಮೇಲೆ ಹಾಕಿದ ಟೈಲ್ಸ್ ಆದರೆ ಮಕ್ಕಳ ಮೊಣಕಾಲು ವಿಚಾರಿಸಿ. ಕೆಳಗೆ ಪಟ್ಟಿ ಕೊಟ್ಟು, ಮೇಲೆ ಮರದ ಹಲಗೆ ಹಾಸಿದರೆ ನೆಲ ಚೂರು ಬಾಗುತ್ತದೆ, ಹೊಡೆತ ಕಡಿಮೆಯಾಗುತ್ತದೆ. ನೋವಾಗಿ ಬಿಡುವ ಮಕ್ಕಳೂ ಕಾರಣ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ಸಮಿತಿಯಲ್ಲಿ ಮಾತಾಡಿದೆ. ಶುಲ್ಕದ ವಿಷಯ ಮುಂದಕ್ಕೆ ಹೋಗಿದೆ. ಬೀರುವಿನ ಬೀಗ ತೆಗೆದೆವು. ಒಂಬತ್ತರಲ್ಲಿ ಆರು ದೊಡ್ಡವರ ಅಳತೆಯವು ಎಂದು ನಿನ್ನೆಯೇ ತಿಳಿಯಿತು. ಎಲ್ಲರ ಕೈಗೂ ಅದನ್ನೇ ಕೊಡುತ್ತಿದ್ದೆವು.

ಸಂಜೆ ಆ ಹುಡುಗಿಯ ಮನೆಗೆ ಅರ್ಧ ಅಳತೆಯದನ್ನು ತೆಗೆದುಕೊಂಡು ಹೋದೆ. ಕೈ ಚಾಚಲು ಹೇಳಿದೆ. ಸುರುಳಿ ಸರಿಯಾಗಿ ಅಂಗೈಗೆ ಬಂತು. "ಇದು ಇಲ್ಲೇ ಇರುತ್ತಾ?" ಎಂದು ಎರಡು ಸಲ ಕೇಳಿದಳು.