ಜಂಬಕ್ಕೆ ಕಟ್-ಆಫ್ ಉಂಟೇ?

ಶ್ರೀಧರ ಗೋವಾದ ಮೀರಾಮಾರ್ ಬೀಚಿಗೆ ಹೋಗಿ ಮುಗಿಸಿಕೊಂಡು ಬಂದದ್ದು ಅರ್ಧ ಐರನ್‌ಮ್ಯಾನ್. ಸಮುದ್ರದಲ್ಲಿ 1.9 ಕಿ.ಮೀ. ಈಜು, ಮೈ ಒರೆಸಿಕೊಳ್ಳುವ ಪುರುಸೊತ್ತಿಲ್ಲದೆ 90 ಕಿ.ಮೀ. ಸೈಕಲ್ಲು, ಇಳಿದವನೇ 21.1 ಕಿ.ಮೀ. ಓಟ. ಎಲ್ಲ ಎಂಟೂವರೆ ಗಂಟೆಯೊಳಗೆ; ಆ ಗಡುವಿಗೆ ಕಟ್-ಆಫ್ ಅನ್ನುತ್ತಾರೆ. ಮೈಲಿ ಲೆಕ್ಕದಲ್ಲಿ ಒಟ್ಟು 70.3, ಹಾಗಾಗಿ ಸ್ಪರ್ಧೆಯ ಹೆಸರೇ ‘ಐರನ್‌ಮ್ಯಾನ್ 70.3’. ‘ಅರ್ಧ’ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಆದ್ದರಿಂದ ನಾವೆಲ್ಲ ಅರ್ಧ ಅಂತಲೇ ಅನ್ನುತ್ತೇವೆ.

ಭಾನುವಾರ ಗಾಂಧಿ ಬಜಾರಿನ ದರ್ಶಿನಿಯಲ್ಲಿ ವಿಚಾರಣೆ ಶುರುವಾಯಿತು.

“ಏನಯ್ಯಾ, ಇಷ್ಟೆಲ್ಲ ಮಾಡಿದ್ದಕ್ಕೆ ಅವರು ದುಡ್ಡು ಕೊಟ್ಟರೋ, ನೀನು ಕೊಟ್ಟೆಯೋ?” ಅಂದರು ಮೂರ್ತಿ ಸಾರ್. ಬ್ಯಾಂಕಿನಿಂದ ರಿಟೈರ್ ಆದವರು, ಮೊದಲ ಪ್ರಶ್ನೆ ಅದೇ ಇರಬೇಕು.

“ನಾನೇ ಕೊಟ್ಟೆ ಸಾರ್.”

“ಎಷ್ಟು?”

ಶ್ರೀಧರ ಹೆಂಡತಿಯ ಮುಖ ನೋಡಿದ, ಚಟ್ನಿ ಹಾಕಿಸಿಕೊಂಡು ಬರುತ್ತೇನೆಂದು ಎದ್ದು ಹೋದ.

“ಸೈಕಲ್ಲಿನ ರೇಟೂ ಹಂಗೇ ಸಾರ್,” ಅಂದಳು ಪ್ರಭಾ. “ನನಗೆ ಒಂದು ಹೇಳಿದ್ರು, ಬಿಲ್ಲಲ್ಲಿ ಒಂದಿತ್ತು. ಈಗ ಅದು ನಮ್ಮ ಬೆಡ್‌ರೂಮಲ್ಲಿ ಮಲಗತ್ತೆ. ಮಳೆ ಬಂದ್ರೆ ನನ್ನ ಸ್ಕೂಟಿ ನೆನೆಯತ್ತೆ, ಅದು ನೆನೆಯಲ್ಲ.”

ಚಟ್ನಿಯೊಂದಿಗೆ ಮರಳಿದ ಶ್ರೀಧರ ಮಾತನ್ನು ಸಮುದ್ರಕ್ಕೆ ಎಳೆದ. “ಸ್ವಿಮ್ಮಿಂಗ್ ಪೂಲಲ್ಲಾದ್ರೆ ತಳದಲ್ಲಿ ಗೆರೆ ಇರತ್ತೆ. 25 ಮೀಟರ್ ಪೂಲಲ್ಲಿ 76 ಸಲ ಈಕಡೆಯಿಂದ ಆಕಡೆ ಹೋದ್ರೆ ದೂರ ಮುಗೀತು. ಸಮುದ್ರದಲ್ಲಿ ಗೆರೆ ಯಾರು ಹಾಕ್ತಾರೆ? ತೇಲ್ತಿರೋ ಬಣ್ಣದ ಬಲೂನು ಎಲ್ಲಿದೆ ಅಂತ ಆಗಾಗ ತಲೆ ಎತ್ತಿ ನೋಡ್ಬೇಕು. ನೋಡೋ ಹೊತ್ತಿಗೆ ಸರಿಯಾಗಿ ಅಲೆ ಬರತ್ತೆ. ಹಿಂದಿನವನು ಕಾಲು ಎಳೀತಾನೆ, ಮುಂದಿನವನು ಮೂತಿಗೆ ಒದೀತಾನೆ.”

“ಮೆಜೆಸ್ಟಿಕ್ಕಲ್ಲಿ ಬಸ್ಸು ಹತ್ತಿ ಅಭ್ಯಾಸ ಇಲ್ವೇನೋ ನಿನಗೆ?” ಜಗ್ಗ ಕೇಳಿದ. “ಸುಸ್ತಾದ್ರೆ?”

“ಕಯಾಕ್ ಅಂತ ಸಣ್ಣ ದೋಣೀಲಿ ವಾಲಂಟಿಯರ್‌ಗಳು ಇರ್ತಾರೆ. ಹಿಡ್ಕೊಂಡು ನಿಲ್ಲಬಹುದು, ಡಿಸ್‌ಕ್ವಾಲಿಫೈ ಮಾಡಲ್ಲ. ಆದ್ರೆ ಕಯಾಕು ಒಂದಿಂಚೂ ಮುಂದಕ್ಕೆ ಎಳ್ಕೊಂಡು ಹೋಗಬಾರದು.”

“ನಮ್ಮ ಬ್ಯಾಂಕಲ್ಲಿ ಯೂನಿಯನ್ನೂ ಅಷ್ಟೇ ಇತ್ತು,” ಅಂದರು ಮೂರ್ತಿ ಸಾರ್.

ಸೈಕಲ್ಲಿನ ಅಧ್ಯಾಯದಲ್ಲಿ ಶ್ರೀಧರನಿಗೆ ಹುಮ್ಮಸ್ಸು ಹೆಚ್ಚು. ಹೆಲ್ಮೆಟ್ಟಿನ ಬಕಲ್ ಹಾಕುವ ಮುಂಚೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವಂತಿಲ್ಲ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, 12 ಮೀಟರ್ ಅಂತರ ಇರಬೇಕು, ಇಲ್ಲದಿದ್ದರೆ ದಂಡವಾಗಿ ಕೆಲವು ನಿಮಿಷ ನಿಲ್ಲಿಸಿಬಿಡುತ್ತಾರೆ.

“ಹನ್ನೆರಡು ಮೀಟರ್!” ಜಗ್ಗ ವಡೆಯನ್ನು ತಟ್ಟೆಗೆ ವಾಪಸ್ ಇಟ್ಟ. “ಸಿಲ್ಕ್ ಬೋರ್ಡಲ್ಲಿ ಅಷ್ಟು ಜಾಗ ಬಿಟ್ರೆ ಎರಡು ಆಟೋ, ಒಂದು ನೀರಿನ ಟ್ಯಾಂಕರ್ ನುಗ್ಗತ್ತೆ ಕಣೋ.”

“ಆಮೇಲೆ ಓಟ,” ಅಂದ ಶ್ರೀಧರ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ಸೈಕಲ್ಲಿಂದ ಇಳಿದಾಗ ತೊಡೆ ನಂದಲ್ಲ ಅನ್ನಿಸ್ತು. ಗೋವಾ ಬಿಸಿಲು, ಆ ಸೆಕೆ. ಜೆಲ್ ಅಂತ ಸಿಹಿ ಗೋಂದು ಬರತ್ತಲ್ಲ, ಬೆಳಗ್ಗಿಂದ ಅದನ್ನೇ ನುಂಗಿ ನುಂಗಿ, ಕೊನೆಗೆ ಪೊಟ್ಟಣ ಕಂಡ್ರೆ ಓಕರಿಕೆ. ತಿನ್ನದಿದ್ರೆ ಮೈಯೊಳಗೆ ಕೂಡಿಟ್ಟ ಸಕ್ಕರೆ, ಅದೇ ಗ್ಲೈಕೋಜೆನ್, ಖಾಲಿಯಾಗಿ ಗಾಡಿ ಅಲ್ಲೇ ನಿಂತುಬಿಡತ್ತೆ.”

“ಹೋಳಿಗೆ ಕಟ್ಟಿಕೊಡಬೇಕಿತ್ತಮ್ಮಾ,” ಮೂರ್ತಿ ಸಾರ್ ಪ್ರಭಾಳಿಗೆ ಹೇಳಿದರು.

“ಕೊಡೋಕೂ ಬಿಡಲ್ಲ ಸಾರ್. ಹೊರಗಿನವರು ಏನೂ ಕೊಡಬಾರದಂತೆ, ಅದಕ್ಕೂ ರೂಲು. ನಾನು ಅಷ್ಟು ಗಂಟೆ ಬಿಸಿಲಲ್ಲಿ ನಿಂತು ಮೊಬೈಲಲ್ಲಿ ಇವರ ಚುಕ್ಕೆ ಹರಿದಾಡೋದು ನೋಡ್ತಿದ್ದೆ. ಚುಕ್ಕೆ ನಿಂತ್ರೆ ನನ್ನ ಎದೆ ನಿಲ್ತಿತ್ತು, ನೋಡಿದ್ರೆ ನೆಟ್‌ವರ್ಕ್ ಹೋಗಿರೋದು. ಒಂದು ಸಲ ಎದುರಿಗೇ ಓಡ್ಕೊಂಡು ಬಂದ್ರು. ‘ರೀ!’ ಅಂದೆ. ‘ಫೋಟೋ ತೆಗೆದ್ಯಾ?’ ಅಂತ ಕೇಳಿ ಹೋದ್ರು.”

ಇಷ್ಟರಲ್ಲಿ ಜಗ್ಗನಿಗೆ ನಮ್ಮ ಎಂಪಿ ನೆನಪಾದರು. ತೇಜಸ್ವಿ ಸೂರ್ಯ 2024ರ ಅಕ್ಟೋಬರಿನಲ್ಲಿ ಇದೇ ಗೋವಾದಲ್ಲಿ ಇದೇ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ್ದರು. ಗಡುವಿಗೆ ಇನ್ನೂ ಎರಡು ನಿಮಿಷ ಚಿಲ್ಲರೆ ಬಾಕಿಯಿತ್ತು.

“ಬೆಂಗಳೂರಿನ ಕೆಲಸವೊಂದು ಗಡುವಿಗೆ ಮುಂಚೆ ಮುಗಿದದ್ದು ನನ್ನ ಸರ್ವೀಸಿನಲ್ಲೇ ಕೇಳಿರಲಿಲ್ಲ,” ಅಂದರು ಮೂರ್ತಿ ಸಾರ್. “ಅದಿರಲಿ, ಇದನ್ನೆಲ್ಲ ಕಂಡುಹಿಡಿದ ಪುಣ್ಯಾತ್ಮ ಯಾರು?”

ಶ್ರೀಧರ ಕುರ್ಚಿಯಿಲ್ಲದ ದರ್ಶಿನಿಯಲ್ಲೂ ಸಿಂಹಾಸನ ಏರಿದವನ ಹಾಗೆ ನಿಂತ. ಹವಾಯಿಯ ಓಆಹು ದ್ವೀಪದಲ್ಲಿ ಒಂದು ಹರಟೆ ನಡೆದಿತ್ತಂತೆ: ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕಲ್ಲಿನವನು ಗಟ್ಟಿಯೋ? ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ದ್ವೀಪದಲ್ಲಿ ಬೇರೆ ಬೇರೆ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಸೇರಿಸಿಬಿಡೋಣ ಅಂದ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ಲು, 42.2 ಕಿ.ಮೀ. ಓಟ. ಅದೇ ಪೂರ್ತಿ ಐರನ್‌ಮ್ಯಾನ್. 1978ರಲ್ಲಿ 15 ಜನ ಹೊರಟರು, 12 ಜನ ಮುಟ್ಟಿದರು. ಗೆದ್ದವನು ಗಾರ್ಡನ್ ಹಾಲರ್, ಹನ್ನೆರಡು ಗಂಟೆಗೂ ಕಡಿಮೆ ಹೊತ್ತಿನಲ್ಲಿ. ಜೊತೆಗಿದ್ದವರ ಬಳಿ ನೀರು ಖಾಲಿಯಾಗಿ ಬಿಯರ್ ಕುಡಿದು ಓಡಿದ ಜಾನ್ ಡನ್‌ಬಾರ್ ಎರಡನೆಯವನು.

“ಬಿಯರ್ ಕುಡಿದು ಎರಡನೇ ಸ್ಥಾನ!” ಜಗ್ಗನ ಬೆನ್ನು ನೆಟ್ಟಗಾಯಿತು. “ಇಷ್ಟು ಹೊತ್ತು ಜೆಲ್ಲು ಗಿಲ್ಲು ಅಂತ ಕೊರೆಯೋ ಬದಲು ಇದನ್ನ ಮೊದಲು ಹೇಳೋಕೇನಾಗಿತ್ತು?”

ನಾವೂ ವರ್ಷಗಟ್ಟಲೆ ಇಲ್ಲಿ ವಾದ ಮಾಡಿದ್ದೇವೆ, ಫಿಲ್ಟರ್ ಕಾಫಿಗೆ ಚಿಕೋರಿ ಬೇಕೋ ಬೇಡವೋ ಅನ್ನುವುದೂ ಸೇರಿ. ನಮ್ಮ ಯಾವ ವಾದವೂ ಜನರನ್ನು ಸಮುದ್ರಕ್ಕೆ ಇಳಿಸಿಲ್ಲ ಅನ್ನುವುದು ನನಗೆ ಸಣ್ಣ ಸಮಾಧಾನ.

“ಆ ಮೊದಲ ರೇಸಲ್ಲಿ ಹಂಚಿದ ನಿಯಮದ ಹಾಳೆಯಲ್ಲೇ ಬರೆದಿತ್ತು ಸಾರ್,” ಶ್ರೀಧರ ನಿಲ್ಲಿಸಲಿಲ್ಲ. “ಇಷ್ಟು ಈಜಿ, ಇಷ್ಟು ಸೈಕಲ್ ತುಳೀರಿ, ಇಷ್ಟು ಓಡಿ, ಆಮೇಲೆ ಬದುಕಿರೋವರೆಗೂ ಜಂಬ ಕೊಚ್ಚಿಕೊಳ್ಳಿ ಅಂತ!”

“ಓಹೋ. ನಾಲ್ಕನೇ ಐಟಂ ಅದು. ಅದಕ್ಕೆ ಕಟ್-ಆಫ್ ಇಲ್ವೇನಯ್ಯಾ?”

“ನಾನು ಹಾಕ್ತೀನಿ ಸಾರ್,” ಅಂದಳು ಪ್ರಭಾ, ಕಾಫಿ ಲೋಟ ಕೆಳಗಿಟ್ಟು. “ಮುಂದಿನ ಸಲ ರಿಲೇಗೆ ಹೆಸರು ಕೊಡ್ತಿದ್ದೀನಿ. ಒಬ್ಬರು ಈಜೋದು, ಒಬ್ಬರು ಸೈಕಲ್ಲು, ಒಬ್ಬರು ಓಟ. ನಾನು ಕುಂದಾಪುರದವಳು, ಹೊಳೆಯಲ್ಲೇ ಬೆಳೆದದ್ದು. ಈಜಿ ಮುಗಿಸಿ ಕಾಲಿಗೆ ಕಟ್ಟಿರೋ, ಟೈಮ್ ಲೆಕ್ಕ ಇಡೋ ಚಿಪ್ ಇವರಿಗೆ ಕೊಟ್ಟು, ನೆರಳಲ್ಲಿ ಎಳನೀರು ಕುಡೀತಾ ಇವರ ಚುಕ್ಕೆ ನೋಡ್ತೀನಿ.”

“ಓಡೋರು ಯಾರು ಹಾಗಾದ್ರೆ?”

ಎಲ್ಲರೂ ಜಗ್ಗನ ಕಡೆ ತಿರುಗಿದೆವು. ಅವನು ಮಂಡಿ ಹಿಡಿದುಕೊಂಡ.

“ಓಡಲೇಬೇಕು ಅಂತಿಲ್ಲ ಜಗ್ಗಣ್ಣ,” ಅಂದಳು ಪ್ರಭಾ. “ಓಡಬಹುದು, ನಡೀಬಹುದು, ಅಂಬೆಗಾಲೂ ಇಡಬಹುದು. ರೂಲ್ ಬುಕ್ಕಲ್ಲೇ ಇದೆ.”

ಜಗ್ಗ ತುಸು ಹೊತ್ತು ಯೋಚಿಸಿದ.

“ಅಂಬೆಗಾಲಿಟ್ರೂ ಅದೇ ಮೆಡಲ್ಲಾ ಅತ್ತಿಗೆ?”